ಪ್ಯಾರಾಲೀಗಲ್ ಸರ್ಟಿಫಿಕೇಟ್ ಕೈಗೆ ಬಂತು, ನಿಮಗೆಲ್ಲ ಧನ್ಯವಾದ

ಎಲ್ಲರಿಗೂ ನಮಸ್ಕಾರ. ಹೋದ ವಾರ ನನ್ನ ಪ್ಯಾರಾಲೀಗಲ್, ಅಂದರೆ ವಕೀಲರಿಗೆ ಕಾನೂನು ಕೆಲಸದಲ್ಲಿ ನೆರವಾಗುವ ಸಹಾಯಕರ, ಸರ್ಟಿಫಿಕೇಟ್ ಬಂತು. ವಕೀಲರೊಬ್ಬರ ಆಫೀಸಿನಲ್ಲಿ ಕೆಲಸವೂ ಸಿಕ್ಕಿದೆ. ಅಲ್ಲಿ ಬಾಡಿಗೆದಾರರ ಕೇಸುಗಳೇ ಜಾಸ್ತಿ.

ದಾವಣಗೆರೆಯಲ್ಲಿ ಬಿ.ಕಾಂ ಮುಗಿಸಿ, ಮದುವೆಯಾಗಿ ಕ್ಯಾಲಿಫೋರ್ನಿಯಾಕ್ಕೆ ಬಂದವಳು ನಾನು. ಕೆಲಸದ ವೀಸಾದಲ್ಲಿ ಬಂದವರ ಗಂಡ ಅಥವಾ ಹೆಂಡತಿಗೆ ಕೊಡುವ ಎಚ್-4 ವೀಸಾದಲ್ಲಿ ದುಡಿಯುವಂತಿರಲಿಲ್ಲ. 2015ರಿಂದ ನಮ್ಮಂಥ ಕೆಲವರಿಗೆ ವರ್ಕ್ ಪರ್ಮಿಟ್ ಕೊಡಲು ಶುರು ಮಾಡಿದರು. ಅದು ನನ್ನ ಕೈ ಸೇರುವಷ್ಟರಲ್ಲಿ ಓದು ಬಿಟ್ಟು ಬಹಳ ವರ್ಷ ಆಗಿತ್ತು. ಯಾರು ಕೆಲಸ ಕೊಡ್ತಾರೆ ಅನ್ನೋ ಅಳುಕು. "ಸುಮ್ನೆ ಒಂದು ಸಲ ಕಮ್ಯುನಿಟಿ ಕಾಲೇಜಿಗೆ ಹೋಗಿ ವಿಚಾರಿಸು" ಎಂದವರು ಪಕ್ಕದ ಮನೆಯ ಅಕ್ಕ. ಇಲ್ಲಿನ ನಿವಾಸಿಗಳಿಗೆ ಒಂದು ಯೂನಿಟ್‌ಗೆ (ಪಾಠದ ಪ್ರಮಾಣ ಅಳೆಯುವ ಕ್ರೆಡಿಟ್‌ಗೆ) 46 ಡಾಲರ್ ಫೀಸು. ಸಂಜೆ ಕ್ಲಾಸು. ವಯಸ್ಸು ಎಷ್ಟು ಅಂತ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ತೆರಿಗೆ ಹಣದಲ್ಲಿ ಇಂಥ ಕಾಲೇಜುಗಳನ್ನು ನಡೆಸುವ ಈ ರಾಜ್ಯದ ಜನರಿಗೆ ನಾನು ಋಣಿ.

ಸಿವಿಲ್ ಕೇಸುಗಳ ಪಾಠ ಮಾಡಿದ ಮೇಡಂ ನನಗೆ ದಿನ ಎಣಿಸುವುದನ್ನು ಕಲಿಸಿದರು. ಹೌದು, ದಿನ ಎಣಿಸುವುದೇ ಒಂದು ವಿದ್ಯೆ. ಸಮನ್ಸ್ ಕೈಗೆ ಕೊಟ್ಟರೆ ಸಾಮಾನ್ಯವಾಗಿ 30 ದಿನದೊಳಗೆ ಉತ್ತರ ಹಾಕಬೇಕು. ಕೊಟ್ಟ ದಿನ ಲೆಕ್ಕಕ್ಕಿಲ್ಲ. ಕೊನೆಯ ದಿನ ಭಾನುವಾರ ಬಿದ್ದರೆ ಮುಂದಿನ ಕೋರ್ಟ್ ದಿನಕ್ಕೆ, ಅಂದರೆ ಕೋರ್ಟು ತೆರೆದಿರುವ ದಿನಕ್ಕೆ, ಹೋಗುತ್ತದೆ. ಮನೆ ಖಾಲಿ ಮಾಡಿಸುವ ಕೇಸಿನಲ್ಲಿ ಮಾತ್ರ ಬಾಡಿಗೆದಾರರಿಗೆ ಇದ್ದದ್ದು ಬರೀ 5 ಕೋರ್ಟ್ ದಿನ. 2025ರ ಜನವರಿಯಿಂದ ಅದು 10 ಆಗಿದೆ. ಮೇಡಂ ಬೋರ್ಡಿನ ಮೇಲೆ ಕ್ಯಾಲೆಂಡರ್ ಬರೆದು, ರಜೆಗಳನ್ನು ಕೆಂಪು ಬಣ್ಣದಲ್ಲಿ ಹೊಡೆದುಹಾಕಿ, "ಈ ತಾರೀಖು ತಪ್ಪಿದರೆ ಯಾರು ಬೀದಿಗೆ ಬರ್ತಾರೆ, ಹೇಳಿ" ಎಂದು ಕೇಳುತ್ತಿದ್ದರು. ಈಗ ಆಫೀಸಿನಲ್ಲಿ ಫೈಲು ತೆರೆದಾಗಲೆಲ್ಲ ಮೊದಲು ತಾರೀಖು ನೋಡುತ್ತೇನೆ. ಮೇಡಂ, ಇದು ನೀವು ಕೊಟ್ಟ ಅಭ್ಯಾಸ.

ಕೌಂಟಿ (ನಮ್ಮ ಜಿಲ್ಲೆಯಂಥದ್ದು) ಕಾನೂನು ಲೈಬ್ರರಿಯ ಸಿಬ್ಬಂದಿಗೂ ಧನ್ಯವಾದ. ಹಳೆಯ ತೀರ್ಪೊಂದು ಇನ್ನೂ ನಿಲ್ಲುತ್ತದೆಯೋ, ಮೇಲಿನ ಕೋರ್ಟು ಅದನ್ನು ತಳ್ಳಿಹಾಕಿದೆಯೋ ಅಂತ ಹುಡುಕುವುದನ್ನು ಪಕ್ಕದಲ್ಲೇ ಕೂತು ತೋರಿಸಿಕೊಟ್ಟರು. ಮತ್ತೆ ಮತ್ತೆ ಕೇಳಿದರೂ ಮುಖ ಸಿಂಡರಿಸಲಿಲ್ಲ.

ನಮ್ಮ ಮನೆಯವರು ಕ್ಲಾಸಿದ್ದ ದಿನ ಆಫೀಸಿನಿಂದ ಬೇಗ ಬಂದು ಮಗಳನ್ನು ನೋಡಿಕೊಂಡರು. ಅತ್ತೆ ಊರಿಂದ ಬಂದಾಗಲೆಲ್ಲ ಅಡುಗೆಮನೆ ವಹಿಸಿಕೊಂಡು, "ನೀನು ಓದ್ಕೋ ಹೋಗಮ್ಮ" ಅಂತ ಕಳಿಸಿದರು. ಪರೀಕ್ಷೆಯ ಹೊತ್ತಿಗೆ ಆ ಒಂದು ಮಾತು ಎಷ್ಟು ದೊಡ್ಡದು ಅಂತ ಓದಿದವರಿಗೆ ಗೊತ್ತು, ಅಲ್ವಾ? ಅತ್ತೆ, ನಿಮಗೆ ನಮಸ್ಕಾರ.

ಕನ್ನಡ ಕೂಟದ ಗೆಳತಿಯರೇ, ವೀಸಾ, ವಿಚ್ಛೇದನ, ಉಯಿಲು ಅಂತ ನೀವು ಕೇಳಿದಾಗ ನಾನು ಉತ್ತರ ಹೇಳಲಿಲ್ಲ. ನೀವು ಬೇಜಾರು ಮಾಡಿಕೊಳ್ಳಲಿಲ್ಲ. ಇಲ್ಲಿ ಪ್ಯಾರಾಲೀಗಲ್ ವಕೀಲರ ಕೈಕೆಳಗೇ ಕೆಲಸ ಮಾಡಬೇಕು, ಕಾನೂನು ಸಲಹೆ ಕೊಡುವಂತಿಲ್ಲ. ಯಾವ ಫಾರ್ಮ್ ತುಂಬಬೇಕು ಅಂತಲೂ ನಾನೇ ಆರಿಸಿ ಹೇಳುವ ಹಾಗಿಲ್ಲ. ಈ ಕಟ್ಟುಪಾಡು ಇರಬೇಕಾದ್ದೇ. ತಪ್ಪು ಸಲಹೆ ನಂಬಿ ಮನೆಯನ್ನೋ ವೀಸಾವನ್ನೋ ಕಳೆದುಕೊಳ್ಳುವವರು ನಮ್ಮಂಥವರೇ. ಆದರೆ ಕಾಲೇಜು ಸೇರುವುದು ಹೇಗೆ, ಭಾರತದ ಡಿಗ್ರಿಯನ್ನು ತೋರಿಸುವುದು ಎಲ್ಲಿ, ಮಕ್ಕಳಿರುವಾಗ ಎಷ್ಟು ಯೂನಿಟ್ ತೆಗೆದುಕೊಂಡರೆ ಸುಧಾರಿಸಬಹುದು, ಇದನ್ನೆಲ್ಲ ಧಾರಾಳವಾಗಿ ಕೇಳಿ. ಫೋನ್ ಮಾಡಿ, ಮನೆಗೇ ಬನ್ನಿ. ಬಿಡುವು ಮಾಡಿಕೊಂಡು ಹೇಳುತ್ತೇನೆ.