ಮಗಳಿಗೊಂದು ಪತ್ರ: ನಾನೇ ಯಾಕೆ ತೊಳೆಯಬೇಕು?

ಪ್ರೀತಿಯ ಮಗಳೇ,

ಮೊನ್ನೆ ಫೋನಿನಲ್ಲಿ ನೀನು ಕೇಳಿದ ಮಾತು ಇನ್ನೂ ತಲೆಯಲ್ಲೇ ಇದೆ. "ಅಮ್ಮಾ, ರೂಮ್‌ಮೇಟ್ ಬಿಟ್ಟು ಹೋದ ಪಾತ್ರೆಗಳನ್ನು ನಾನೇ ಯಾಕೆ ತೊಳೆಯಬೇಕು? ಕ್ರಿಸ್ತನಲ್ಲಿ ನಾವು ಸ್ವತಂತ್ರರು ಅಂತ ನೀನೇ ಹೇಳಿಕೊಟ್ಟಿದ್ದು ಅಲ್ವಾ?"

ಹೌದು, ನಾನೇ ಹೇಳಿಕೊಟ್ಟಿದ್ದು. ಈಗಲೂ ಅದನ್ನೇ ಹೇಳುತ್ತೇನೆ. ನೀನು ತೊಳೆಯಲೇಬೇಕು ಅಂತೇನೂ ಇಲ್ಲ. ತೊಳೆದರೆ ದೇವರಿಗೆ ನಿನ್ನ ಮೇಲೆ ಪ್ರೀತಿ ಜಾಸ್ತಿಯಾಗುವುದಿಲ್ಲ. ಬಿಟ್ಟರೆ ಕಡಿಮೆಯೂ ಆಗುವುದಿಲ್ಲ. ಮೊದಲು ಇದನ್ನು ನಂಬು ಕಂದಾ. ಇದನ್ನು ನಂಬದೆ ಸೇವೆಗೆ ಇಳಿದರೆ ಏನಾಗುತ್ತದೆ ಅಂತ ನಾನು ಕಂಡವಳು.

ನೀನು ಚಿಕ್ಕವಳಿದ್ದಾಗ ನಮ್ಮ ಚರ್ಚ್ ಸಭೆಯಲ್ಲಿ ಯಾವ ಕೆಲಸವಿದ್ದರೂ ನಾನೇ ಮುಂದೆ. ಕುರ್ಚಿ ಜೋಡಿಸುವುದು, ಸಂಡೇ ಸ್ಕೂಲ್, ಕಾಯಿಲೆ ಬಿದ್ದವರ ಮನೆಗೆ ಹೋಗಿ ಬರುವುದು. "ಆಗಲ್ಲ" ಅನ್ನಲು ಹೆದರಿಕೆ. ಒಂದು ಸಲ ವಂದನೆ ಹೇಳುವಾಗ ನನ್ನ ಹೆಸರು ಬಿಟ್ಟುಹೋಯಿತು. ಮನೆಗೆ ಬಂದು ಬಾಗಿಲು ಹಾಕಿಕೊಂಡು ಅತ್ತೆ. ಅಷ್ಟು ವರ್ಷ ಯಾರಿಗಾಗಿ ಓಡಾಡಿದ್ದು ಅಂತ ಅವತ್ತು ನನಗೇ ಗೊತ್ತಾಯಿತು. ಒಳ್ಳೆಯವಳು ಅನ್ನಿಸಿಕೊಳ್ಳುವುದು ನನಗೆ ಅಷ್ಟು ಬೇಕಾಗಿತ್ತು.

ಆ ದಿನಗಳಲ್ಲೇ ನಾನು ಬೈಬಲಿನಲ್ಲಿ, ಅಪೊಸ್ತಲ ಪೌಲ ಗಲಾತ್ಯದ ಸಭೆಗಳಿಗೆ ಬರೆದ ಪತ್ರವನ್ನು ನಿಧಾನವಾಗಿ ಓದಿದ್ದು. ಅಲ್ಲಿನ ಸಭೆಗಳಲ್ಲಿ ಜಗಳ ಎದ್ದಿತ್ತು. ಯೇಸುವನ್ನು ನಂಬಿದರೆ ಸಾಲದು, ಯೆಹೂದ್ಯರ ನಿಯಮದಂತೆ ಸುನ್ನತಿಯೂ ಆಗಬೇಕು ಅಂತ ಕೆಲವರ ಹಟ. ಪೌಲ ಒಪ್ಪಲಿಲ್ಲ. ತನ್ನ ಜೊತೆಗಾರ, ಗ್ರೀಕನಾದ ತೀತನನ್ನು ಯೆರೂಸಲೇಮಿಗೆ ಕರೆದುಕೊಂಡು ಹೋದಾಗಲೂ ಈ ಒತ್ತಾಯಕ್ಕೆ ಬಗ್ಗಲಿಲ್ಲ. ಆದರೆ ಅದೇ ಪೌಲ ಇನ್ನೊಬ್ಬ ಜೊತೆಗಾರ ತಿಮೊಥೆಯನಿಗೆ ಸುನ್ನತಿ ಮಾಡಿಸಿದನು! ಅಪೊಸ್ತಲರ ಕೃತ್ಯಗಳು 16ನೇ ಅಧ್ಯಾಯದಲ್ಲಿದೆ, ಓದು. ತಿಮೊಥೆಯನ ತಾಯಿ ಯೆಹೂದ್ಯಳು, ತಂದೆ ಗ್ರೀಕ. ಅದು ಆ ಕಡೆಯ ಯೆಹೂದ್ಯರಿಗೆಲ್ಲ ಗೊತ್ತಿತ್ತು. ಅವರ ನಡುವೆ ಹೋಗಿ ಬರಲು ಅವನಿಗೆ ಅಡ್ಡಿಯಾಗದಿರಲಿ ಅಂತ ಪೌಲ ಹಾಗೆ ಮಾಡಿದ್ದು.

ಇದೇನು, ಮಾತು ಬದಲಿಸಿಬಿಟ್ಟನಲ್ಲ ಅಂತ ನನಗೆ ಮೊದಲು ಅನ್ನಿಸಿತ್ತು. ಆಮೇಲೆ ಅರ್ಥವಾಯಿತು. ಇದನ್ನು ಮಾಡದಿದ್ದರೆ ರಕ್ಷಣೆಯೇ ಇಲ್ಲ ಅಂದವರಿಗೆ ಅವನು ಬೇಡ ಅಂದನು. ಬೇರೆಯವರಿಗೆ ಒಳ್ಳೆಯದಾಗುವ ಕಡೆ ಆಗಲಿ ಅಂದನು. ಎರಡು ಸಲವೂ ಅವನ ಮೇಲೆ ಯಾರ ಹಿಡಿತವೂ ಇರಲಿಲ್ಲ.

ಆ ಪತ್ರದ 5ನೇ ಅಧ್ಯಾಯ ಶುರುವಾಗುವುದೇ ದಾಸತ್ವದ ನೊಗಕ್ಕೆ ಮತ್ತೆ ಸಿಕ್ಕಿಕೊಳ್ಳಬೇಡಿ ಅಂತ. ಹದಿಮೂರನೇ ವಚನಕ್ಕೆ ಬಂದರೆ ಪ್ರೀತಿಯಿಂದ ಒಬ್ಬರಿಗೊಬ್ಬರು ಸೇವೆ ಮಾಡಿರಿ ಅನ್ನುತ್ತಾನೆ. ಅಲ್ಲಿ ಅವನು ಬಳಸುವ ಗ್ರೀಕ್ ಪದ ದಾಸ ಅನ್ನುವ ಪದದಿಂದಲೇ ಬಂದದ್ದು. ಬಿಡಿಸಿಕೊಂಡ ಕೈಯನ್ನು ಪ್ರೀತಿಗೆ ಕೊಡು ಅಂತ ಹೇಳಿದ ಹಾಗೆ ನನಗೆ ಕೇಳಿಸುತ್ತದೆ.

ಯೋಹಾನನ ಸುವಾರ್ತೆಯ 13ನೇ ಅಧ್ಯಾಯವನ್ನೂ ನೋಡು. ತಂದೆ ಎಲ್ಲವನ್ನೂ ತನ್ನ ಕೈಗೆ ಕೊಟ್ಟಿದ್ದಾನೆ ಅಂತ ಯೇಸುವಿಗೆ ಗೊತ್ತಿತ್ತು. ಗೊತ್ತಿದ್ದೇ ಊಟದಿಂದ ಎದ್ದು, ನಡುವಿಗೆ ಬಟ್ಟೆ ಕಟ್ಟಿಕೊಂಡು, ಶಿಷ್ಯರ ಕಾಲು ತೊಳೆದನು. ಅವನನ್ನು ಹಿಡಿದುಕೊಡಲಿದ್ದ ಶಿಷ್ಯ ಯೂದ ಇನ್ನೂ ಎದ್ದು ಹೋಗಿರಲಿಲ್ಲ. ಅವನ ಕಾಲೂ ಅಲ್ಲಿತ್ತು. ಪ್ರತಿಸಲ ಇದನ್ನು ಓದುವಾಗ ನಾನು ಇಲ್ಲಿ ಸ್ವಲ್ಪ ಹೊತ್ತು ನಿಂತುಬಿಡುತ್ತೇನೆ.

ಹಾಗಂತ ಹಲ್ಲು ಕಚ್ಚಿಕೊಂಡು ಸುಮ್ನೆ ತೊಳೆಯುತ್ತಾ ಇರಬೇಡ. ಒಳಗೊಳಗೇ ಲೆಕ್ಕ ಇಟ್ಟರೆ ಒಂದು ದಿನ ಅದು ಸಿಟ್ಟಾಗಿ ಹೊರಗೆ ಬರುತ್ತದೆ. ಅವಳ ಹತ್ತಿರ ಕೂತು ಮಾತಾಡು. ಕೆಲಸ ಹಂಚಿಕೊಳ್ಳೋಣ ಅಂತ ನೇರವಾಗಿ ಕೇಳು, ಅದರಲ್ಲಿ ತಪ್ಪಿಲ್ಲ. ಸುಸ್ತಾದ ದಿನ ಇವತ್ತು ಆಗಲ್ಲ ಅನ್ನು. ಉಳಿದ ದಿನ, ಅವಳಿಗೆ ಏನಾಗಿರಬಹುದು ಅಂತ ಒಂದು ಸಲ ಯೋಚಿಸು. ಅವಳ ಅಪ್ಪ ಆಸ್ಪತ್ರೆಯಲ್ಲಿದ್ದಾರೆ, ರಾತ್ರಿಯೆಲ್ಲ ಮನೆಯವರ ಜೊತೆ ಫೋನಿನಲ್ಲಿರುತ್ತಾಳೆ ಅಂತ ನೀನೇ ಹೇಳಿದ್ದೆ. ನಿನಗೆ ಅದು ಮರೆತೇ ಹೋಗಿತ್ತೋ ಏನೋ, ಪಾತ್ರೆಯ ಮಾತಿನ ನಡುವೆ ಹೇಳಿ ಮುಂದೆ ಹೋಗಿಬಿಟ್ಟೆ.

ಇಷ್ಟು ಸಲ ಮಾತಾಡಿದರೂ ಅವಳ ಹೆಸರು ನೀನು ನನಗೆ ಹೇಳಿಲ್ಲ. ರೂಮ್‌ಮೇಟ್ ಅಂತಲೇ ಅನ್ನುತ್ತೀಯ. ಹೆಸರು ಕಳಿಸು. ಅವಳಿಗೂ ಅವಳ ಅಪ್ಪನಿಗೂ ಪ್ರಾರ್ಥನೆ ಮಾಡಬೇಕು.

ಪ್ರೀತಿಯಿಂದ,
ಅಮ್ಮ