ಟೆಲಿಫೋನ್ ಆಪರೇಟರ್ ಸಂಬಳ: ಗೆಳೆಯ ಮಂಜುಗೊಂದು ಪತ್ರ

ಪ್ರೀತಿಯ ಮಂಜು,

ಟೆಲಿಫೋನ್ ಆಪರೇಟರ್ ಕೆಲಸಕ್ಕೆ ನಿನ್ನ ತಂಗಿ ಶೈಲಾಗೆ ಬಂದಿರುವ ಎರಡೂ ಆಫರ್ ಲೆಟರ್ ಓದಿದೆ. ಆಸ್ಪತ್ರೆಯದು 23,024 ರೂಪಾಯಿ, ಹೋಟೆಲಿನದು 17,200, ಆಸ್ಪತ್ರೆಗೇ ಸೇರಿಸಿಬಿಡಲಾ ಅಂತ ಕೇಳಿದ್ದೀಯ. ಅವಸರ ಮಾಡಬೇಡ. ಆಸ್ಪತ್ರೆಯ ಪತ್ರದಲ್ಲಿರುವುದು ಸಿಟಿಸಿ, ಅಂದರೆ ಅವಳಿಗಾಗಿ ಕಂಪನಿ ಮಾಡುವ ಒಟ್ಟು ಖರ್ಚು. ಹೋಟೆಲಿನವರು ಬರೆದಿರುವುದು ಗ್ರಾಸ್, ಅಂದರೆ ಕಡಿತಕ್ಕೆ ಮುಂಚಿನ ತಿಂಗಳ ಸಂಬಳ. ರಾಗಿಯನ್ನು ಸೇರಿನಲ್ಲೂ ಅಕ್ಕಿಯನ್ನು ಕೆಜಿಯಲ್ಲೂ ಅಳೆದು ಯಾವುದು ಜಾಸ್ತಿ ಅಂತ ಕೇಳಿದ ಹಾಗಾಯಿತು.

ಆಸ್ಪತ್ರೆಯ ಲೆಕ್ಕವನ್ನು ಬಿಡಿಸಿ ನೋಡು. ಬೇಸಿಕ್ ಮತ್ತು ತುಟ್ಟಿಭತ್ಯೆ ಸೇರಿ 15,000, ಮನೆ ಬಾಡಿಗೆ ಭತ್ಯೆ 2,500, ಓಡಾಟಕ್ಕೆ 1,000. ಗ್ರಾಸ್ 18,500 ಅಷ್ಟೇ. ಅದರ ಮೇಲೆ ಕಂಪನಿ ಪಾಲಿನ ಪಿಎಫ್ (ಭವಿಷ್ಯ ನಿಧಿ) 15,000ದ 12% ಅಂದರೆ 1,800, ಪಿಎಫ್ ಕಚೇರಿಯ ಶುಲ್ಕ ಮತ್ತು ವಿಮೆಗೆ 150, ಕಂಪನಿ ಪಾಲಿನ ಇಎಸ್‌ಐ (ನೌಕರರ ವಿಮೆ) ಗ್ರಾಸ್‌ನ 3.25% ಅಂದರೆ 602, ಬೋನಸ್ 8.33% ಲೆಕ್ಕದಲ್ಲಿ 1,250, ಕೆಲಸ ಬಿಡುವಾಗ ಸಿಗುವ ಗ್ರಾಚ್ಯುಟಿಗೆ 722. ಎಲ್ಲ ಕೂಡಿದರೆ 23,024. ಇನ್ನು ಕೈಗೆ ಬರುವುದು? 18,500ರಲ್ಲಿ ಅವಳ ಪಾಲಿನ ಪಿಎಫ್ 1,800, ಇಎಸ್‌ಐ 0.75% ಅಂದರೆ 139 ಕಳೆ. ವೃತ್ತಿ ತೆರಿಗೆ ಇಲ್ಲ, ಕರ್ನಾಟಕದಲ್ಲಿ 2023ರ ಏಪ್ರಿಲ್‌ನಿಂದ 25,000ಕ್ಕಿಂತ ಕಡಿಮೆ ಸಂಬಳದವರಿಗೆ ಅದು ಬೀಳುವುದಿಲ್ಲ. ಬ್ಯಾಂಕಿಗೆ ಬೀಳುವುದು 16,561.

ಹೋಟೆಲಿನದನ್ನೂ ಇದೇ ಅಳತೆಗೆ ತಾ. ಅಲ್ಲಿಯೂ ಬೇಸಿಕ್, ತುಟ್ಟಿಭತ್ಯೆ ಸೇರಿ 15,000. ಪಿಎಫ್, ಇಎಸ್‌ಐ, ಬೋನಸ್, ಗ್ರಾಚ್ಯುಟಿ ಕೂಡಿಸಿದರೆ ಅವರ ಸಿಟಿಸಿ 21,681 ಆಗುತ್ತದೆ. ಎರಡರ ನಡುವಿನ ನಿಜವಾದ ವ್ಯತ್ಯಾಸ 1,343 ರೂಪಾಯಿ, ನೀನು ಅಂದುಕೊಂಡ ಹಾಗೆ ಆರು ಸಾವಿರವಲ್ಲ. ಹೋಟೆಲಿನಲ್ಲಿ ಕೈಗೆ ಬರುವುದು 15,271. ಆದರೆ ಡ್ಯೂಟಿ ಊಟ ಅವರದೇ. ಹೊರಗೆ ಒಂದು ಊಟಕ್ಕೆ 70 ರೂಪಾಯಿ ಹಿಡಿದರೂ 26 ದಿನಕ್ಕೆ 1,820. ಅಲ್ಲಿಗೆ ಹೋಟೆಲೇ ಮುಂದಾಯಿತು.

ಸರ್ವಿಸ್ ಚಾರ್ಜ್‌ನಲ್ಲಿ ತಿಂಗಳಿಗೆ ಮೂರು ನಾಲ್ಕು ಸಾವಿರ ಸಿಗುತ್ತದೆ ಅಂತ ಬಾಯಿಮಾತಿನಲ್ಲಿ ಹೇಳಿದ್ದಾರಂತೆ. ಅದನ್ನು ಮನೆ ಬಾಡಿಗೆಯ ಲೆಕ್ಕಕ್ಕೆ ಸೇರಿಸಬೇಡ. ಬಿಲ್ಲಿಗೆ ಸರ್ವಿಸ್ ಚಾರ್ಜನ್ನು ತಾನಾಗಿ ಸೇರಿಸಬಾರದು ಅಂತ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲಿ ಹೇಳಿತು, 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಗಿರಾಕಿ ಒಪ್ಪಿ ಕೊಟ್ಟರೆ ಮಾತ್ರ ಆ ದುಡ್ಡು. ಬಂದದ್ದನ್ನು ಪಾಯಿಂಟ್ ಲೆಕ್ಕದಲ್ಲಿ ಹಂಚುತ್ತಾರೆ. ಆಪರೇಟರಿಗೆ ಎಷ್ಟು ಪಾಯಿಂಟ್, ಪ್ರೊಬೇಷನ್‌ನಲ್ಲಿ ಕೊಡುತ್ತಾರೋ ಇಲ್ಲವೋ, ಇವೆರಡನ್ನೂ ಕೇಳಲಿ.

ಈಗ ಮುಖ್ಯವಾದ ವಿಷಯ. ಆಸ್ಪತ್ರೆಯ ಪತ್ರದ ತಲೆಬರಹ ನೋಡಿದೆಯಾ? ಅದು ಆಸ್ಪತ್ರೆಯದಲ್ಲ, ಏಜೆನ್ಸಿಯದು. ಆಪರೇಟರ್ ಸಂಬಳದಲ್ಲಿ ಎಲ್ಲಕ್ಕಿಂತ ದೊಡ್ಡ ವ್ಯತ್ಯಾಸ ತರುವುದು ಇದೇ: ಹೆಸರು ಯಾರ ಹಾಜರಿ ಪುಸ್ತಕದಲ್ಲಿದೆ ಎಂಬುದು. ಅದೇ ಇಪಿಎಬಿಎಕ್ಸ್ (ಕಚೇರಿಯೊಳಗಿನ ಫೋನ್ ಎಕ್ಸ್‌ಚೇಂಜ್), ಅದೇ ಕನ್ಸೋಲ್, ಅದೇ ಹೆಡ್‌ಸೆಟ್. ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಸ್ವಿಚ್ ಬೋರ್ಡ್ ಆಪರೇಟರ್ ಹುದ್ದೆ 3ನೇ ಪೇ ಲೆವೆಲ್‌ನಲ್ಲಿದೆ ಅಂತಿಟ್ಟುಕೋ. ಬೇಸಿಕ್ 21,700. 2025ರ ಜುಲೈನಿಂದ ಅನ್ವಯವಾದ 58% ತುಟ್ಟಿಭತ್ಯೆ 12,586. ಬೆಂಗಳೂರು ಎಕ್ಸ್ ದರ್ಜೆಯ ನಗರವಾದ್ದರಿಂದ ಮನೆ ಬಾಡಿಗೆ ಭತ್ಯೆ 30%, ಅಂದರೆ 6,510. ಪ್ರಯಾಣ ಭತ್ಯೆ 3,600, ಅದರ ಮೇಲಿನ ತುಟ್ಟಿಭತ್ಯೆಯೂ ಸೇರಿ 5,688. ಒಟ್ಟು 46,484. ಎನ್‌ಪಿಎಸ್ ಪಿಂಚಣಿಗೆ 3,429, ಆರೋಗ್ಯ ಯೋಜನೆಗೆ 250, ಗುಂಪು ವಿಮೆಗೆ 30, ವೃತ್ತಿ ತೆರಿಗೆ 200 ಹೋದರೂ ಕೈಗೆ 42,575. ವರ್ಷಕ್ಕೆ 3% ಇನ್‌ಕ್ರಿಮೆಂಟ್ ಬೇರೆ. ಏಜೆನ್ಸಿಯ ಆಪರೇಟರಿಗೆ 16,561. ಕೆಲಸ ಒಂದೇ ಆಗಿದ್ದು ಕೂಲಿ ಎರಡೂವರೆ ಪಟ್ಟು ಬೇರೆಯಾಗುವುದು ನನ್ನ ಕಣ್ಣಿಗೆ ಅನ್ಯಾಯವೇ. ಕಾಯಂ ಹುದ್ದೆಗಳು ಅಪರೂಪವಾಗಿವೆ, ನಿಜ. ಆದರೂ ರಕ್ಷಣಾ ಇಲಾಖೆಯ ಸಿವಿಲಿಯನ್ ಸ್ವಿಚ್ ಬೋರ್ಡ್ ಆಪರೇಟರ್ ಹುದ್ದೆಗೆ ಆಗೊಮ್ಮೆ ಈಗೊಮ್ಮೆ ಅರ್ಜಿ ಕರೆಯುತ್ತಾರೆ. ಎಸ್ಸೆಸ್ಸೆಲ್ಸಿ, ಇಂಗ್ಲಿಷು, ಪಿಬಿಎಕ್ಸ್ ಬೋರ್ಡ್ ಅನುಭವ ಕೇಳುತ್ತಾರೆ. ಶೈಲಾ ಈಗ ಎಲ್ಲೇ ಸೇರಲಿ, ಬಿಡುವಾಗ ಅನುಭವ ಪತ್ರದಲ್ಲಿ ‘ಇಪಿಎಬಿಎಕ್ಸ್ ಆಪರೇಟರ್’ ಅಂತಲೇ ಬರೆಸಿಕೊಳ್ಳಲಿ. ‘ಫ್ರಂಟ್ ಆಫೀಸ್ ಅಸಿಸ್ಟೆಂಟ್’ ಅಂತಿದ್ದರೆ ಅಲ್ಲಿ ಉಪಯೋಗಕ್ಕೆ ಬರುವುದಿಲ್ಲ.

ಏಜೆನ್ಸಿ ಅಂದ ತಕ್ಷಣ ಬೇಡ ಅನ್ನಬೇಕಾಗಿಲ್ಲ, ಆದರೆ ಎಲ್ಲೆಲ್ಲಿ ಸೋರುತ್ತದೆ ಅಂತ ಗೊತ್ತಿರಬೇಕು.

ಮೊದಲನೆಯದು ಕನಿಷ್ಠ ವೇತನ. ಕಾರ್ಮಿಕ ಇಲಾಖೆಯ ಪಟ್ಟಿ ಉದ್ಯಮಕ್ಕೊಂದು, ವಲಯಕ್ಕೊಂದು, ಕೌಶಲದ ದರ್ಜೆಗೊಂದು ಇರುತ್ತದೆ. ಅವಳನ್ನು ಯಾವ ಪಟ್ಟಿಯಲ್ಲಿ, ಯಾವ ದರ್ಜೆಯಲ್ಲಿ ಇಟ್ಟಿದ್ದಾರೆ ಅಂತ ಕೇಳಿ, ಆ 15,000ವನ್ನು ಪಟ್ಟಿಗೆ ತಾಳೆ ಹಾಕು. ಆಪರೇಟರ್ ಕುರ್ಚಿಯಲ್ಲಿ ಕೂರಿಸಿ ಕಾಗದದಲ್ಲಿ ‘ಹೆಲ್ಪರ್’ ಅಂತ ಬರೆಯುವುದು ಹಳೆಯ ಕೈಚಳಕ. ಪ್ರತಿ ಏಪ್ರಿಲ್ 1ಕ್ಕೆ ತುಟ್ಟಿಭತ್ಯೆ ಏರುತ್ತದೆ. ಆಗ ಅದನ್ನು ಏರಿಸಿದಂತೆ ತೋರಿಸಿ, ಪಕ್ಕದ ‘ಸ್ಪೆಷಲ್ ಅಲೋವೆನ್ಸ್’ನಲ್ಲಿ ಅಷ್ಟೇ ಕಡಿಮೆ ಮಾಡಿ, ಗ್ರಾಸ್ ಅಲ್ಲಾಡದ ಹಾಗೆ ನೋಡಿಕೊಳ್ಳುವವರಿದ್ದಾರೆ. ಮಾರ್ಚ್ ಮತ್ತು ಏಪ್ರಿಲ್ ಪೇ ಸ್ಲಿಪ್ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ತಿಳಿಯುತ್ತದೆ.

ಎರಡನೆಯದು ಬೇಸಿಕ್ ಕುಗ್ಗಿಸುವುದು. ಅದೇ 18,500ರಲ್ಲಿ ಬೇಸಿಕ್ 9,000 ಮಾತ್ರ ತೋರಿಸಿದರೆ ಪಿಎಫ್ 1,080ಕ್ಕೆ ಇಳಿಯುತ್ತದೆ. ಕೈಗೆ 720 ಹೆಚ್ಚು ಬಂತು ಅಂತ ಹುಡುಗಿಗೆ ಖುಷಿ. ಆದರೆ ಕಂಪನಿ ಹಾಕಬೇಕಾದ ಪಾಲೂ 720 ಇಳಿಯಿತು, ವರ್ಷಕ್ಕೆ 8,640 ಹೋಯಿತು. ಬೋನಸ್, ಗ್ರಾಚ್ಯುಟಿಯ ಲೆಕ್ಕವೂ ಅದರ ಜೊತೆಗೇ ಕುಗ್ಗುತ್ತದೆ. ಎಲ್ಲರಿಗೂ ಒಂದೇ ಸಮ ಕೊಡುವ ಭತ್ಯೆಯನ್ನು ಪಿಎಫ್ ಲೆಕ್ಕದಿಂದ ಹೊರಗಿಡುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 2019ರ ಫೆಬ್ರವರಿಯಲ್ಲೇ ಹೇಳಿದೆ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ವೇತನ ಸಂಹಿತೆಯ ಪ್ರಕಾರ ಭತ್ಯೆಗಳು ಒಟ್ಟು ಸಂಬಳದ ಅರ್ಧ ದಾಟಿದರೆ, ದಾಟಿದ ಭಾಗವೂ ವೇತನವೇ.

ಮೂರನೆಯದು, ಪಿಎಫ್ ಇಎಸ್‌ಐ ಎರಡೂ ಇಲ್ಲದೆ 10% ಟಿಡಿಎಸ್ (ಮೂಲದಲ್ಲೇ ಆದಾಯ ತೆರಿಗೆ) ಹಿಡಿದು ‘ಕನ್ಸಲ್ಟೆಂಟ್’ ಅಂತ ದುಡ್ಡು ಹಾಕುವುದು. ದಿನವೂ ಹಾಜರಿ ಹಾಕಿ ಶಿಫ್ಟ್ ಮಾಡುವವಳು ಕನ್ಸಲ್ಟೆಂಟ್ ಹೇಗಾಗುತ್ತಾಳೆ? ಅಂಥ ಪತ್ರ ಬಂದರೆ ಸಹಿ ಹಾಕುವುದೇ ಬೇಡ.

ಓಟಿ ಲೆಕ್ಕ ಬರೆದಿಟ್ಟುಕೋ. ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ ದಾಟಿದರೆ ಎರಡರಷ್ಟು ದರ ಕೊಡಬೇಕು. 18,500ನ್ನು 26ರಿಂದ, ಆಮೇಲೆ 8ರಿಂದ ಭಾಗಿಸಿದರೆ ಗಂಟೆಗೆ ಸುಮಾರು 89, ಎರಡರಷ್ಟು ಅಂದರೆ 178. ಏಜೆನ್ಸಿಗಳು 26ರ ಬದಲು 30ರಿಂದ ಭಾಗಿಸಿ, ಒಂದರಷ್ಟೇ ದರದಲ್ಲಿ 77 ಕೊಟ್ಟು ಮುಗಿಸುತ್ತವೆ. ಗಂಟೆಗೆ 101 ರೂಪಾಯಿ ಹೋಯಿತು. ರಿಲೀವರ್ ಬರದೆ 12 ಗಂಟೆ ಕೂರುವುದು ಆಪರೇಟರುಗಳಿಗೆ ಮಾಮೂಲು, ಬೋರ್ಡ್ ಖಾಲಿ ಬಿಟ್ಟು ಏಳುವ ಹಾಗಿಲ್ಲವಲ್ಲ. ಬಂದ ಹೊತ್ತು, ಎದ್ದ ಹೊತ್ತು ತನ್ನದೇ ಡೈರಿಯಲ್ಲಿ ಬರೆದಿಡಲಿ. ಗಣರಾಜ್ಯ ದಿನ, ಮೇ 1, ಸ್ವಾತಂತ್ರ್ಯ ದಿನ, ಗಾಂಧಿ ಜಯಂತಿ, ನಮ್ಮ ರಾಜ್ಯೋತ್ಸವ, ಜೊತೆಗೆ ಐದು ಹಬ್ಬ, ಒಟ್ಟು 10 ಸಂಬಳಸಹಿತ ರಜೆ. ಆ ದಿನ ಕರೆಸಿದರೆ ಎರಡರಷ್ಟು ಕೂಲಿ, ಇಲ್ಲವೇ ಆ ದಿನದ ಕೂಲಿ ಮತ್ತು ಬದಲಿ ರಜೆ.

ನೈಟ್ ಶಿಫ್ಟ್ ಭತ್ಯೆ ಕಾನೂನಿನಲ್ಲಿ ಇಲ್ಲ, ಅದು ಮಾತುಕತೆಯಲ್ಲೇ ಆಗಬೇಕು. ಆದರೆ ಹೆಣ್ಣುಮಕ್ಕಳ ರಾತ್ರಿ ಪಾಳಿಗೆ ಅವರ ಲಿಖಿತ ಒಪ್ಪಿಗೆ ಬೇಕು, ಕಂಪನಿ ವಾಹನವೂ ಬೇಕು. ಹೋಟೆಲಿನ ಪತ್ರದಲ್ಲಿ ಕ್ಯಾಬ್ ವಿಷಯ ಬರೆದಿದೆ, ಆಸ್ಪತ್ರೆಯದರಲ್ಲಿ ಒಂದಕ್ಷರವೂ ಇಲ್ಲ. ಹಗಲಾದರೆ ಶಕ್ತಿ ಯೋಜನೆಯಲ್ಲಿ ಬಿಎಂಟಿಸಿ ಸಾಮಾನ್ಯ ಬಸ್ಸು ಅವಳಿಗೆ ಉಚಿತ. ರಾತ್ರಿ 10ಕ್ಕೆ ಪಾಳಿ ಮುಗಿದರೆ? 2025ರ ಆಗಸ್ಟ್‌ನಿಂದ ಆಟೊ ಮೀಟರು ಮೊದಲ 2 ಕಿ.ಮೀ.ಗೆ 36, ಆಮೇಲೆ ಕಿ.ಮೀ.ಗೆ 18. 8 ಕಿ.ಮೀ.ಗೆ 144 ಆಯಿತು, ರಾತ್ರಿ ಒಂದೂವರೆ ಪಟ್ಟು ಸೇರಿದರೆ 216. ತಿಂಗಳಲ್ಲಿ ಹತ್ತು ರಾತ್ರಿಗೆ 2,160. ಆಸ್ಪತ್ರೆಯಲ್ಲಿ ಹೆಚ್ಚಿಗೆ ಸಿಗುವ 1,290 ಆಟೊಗೂ ಸಾಲುವುದಿಲ್ಲ.

ಇಎಸ್‌ಐ ಕಡಿತವನ್ನು ಮಾತ್ರ ನಷ್ಟ ಅಂತ ನೋಡಬೇಡ ಕಣೋ. 139 ರೂಪಾಯಿಗೆ ಅವಳಿಗೂ ಅವಳನ್ನೇ ನಂಬಿದ ನಿಮ್ಮಮ್ಮನಿಗೂ ರಾಜಾಜಿನಗರ, ಪೀಣ್ಯ, ಇಂದಿರಾನಗರದ ಇಎಸ್‌ಐ ಆಸ್ಪತ್ರೆಗಳ ಬಾಗಿಲು ತೆರೆಯುತ್ತದೆ. ಕಾಯಿಲೆ ಬಿದ್ದರೆ ವರ್ಷಕ್ಕೆ 91 ದಿನದವರೆಗೆ ಕೂಲಿಯ 70% ಸಿಗುತ್ತದೆ. ಇದರ ಮಿತಿ ತಿಂಗಳಿಗೆ 21,000. ಆದ್ದರಿಂದ ಮುಂದೆ 20,900ರಿಂದ 21,300ಕ್ಕೆ ಏರಿಸುತ್ತೇವೆ ಅಂದರೆ, ಜೊತೆಗೆ ಆರೋಗ್ಯ ವಿಮೆ ಕೊಡುತ್ತೀರಾ ಅಂತ ಕೇಳಬೇಕು. ಇಲ್ಲದಿದ್ದರೆ ಆ 400 ರೂಪಾಯಿ ಏರಿಕೆ ಇಳಿಕೆಯೇ ಸರಿ. ಆರು ತಿಂಗಳ ವಂತಿಗೆ ಅವಧಿಯ ನಡುವೆ ಮಿತಿ ದಾಟಿದರೆ ಸೆಪ್ಟೆಂಬರ್ ಅಥವಾ ಮಾರ್ಚ್ ಮುಗಿಯುವವರೆಗೂ ಇಎಸ್‌ಐ ಮುಂದುವರಿಯುತ್ತದೆ, ನಡುವೆಯೇ ನಿಲ್ಲಿಸುವಂತಿಲ್ಲ.

ಇನ್ನು ಸಂಬಳ ಏರುವುದು ಯಾತಕ್ಕೆ ಅಂತ ಕೇಳಿದ್ದೆಯಲ್ಲ. ಭಾಷೆ ಮೊದಲು. ಬೆಂಗಳೂರಿನ ಬೋರ್ಡಿಗೆ ಕನ್ನಡ, ಇಂಗ್ಲಿಷ್ ಇದ್ದರೆ ಒಳಗೆ ಬರಬಹುದು. ಹಿಂದಿ, ತಮಿಳು, ತೆಲುಗು ಸೇರಿದರೆ ಚೌಕಾಸಿಗೆ ಬಲ. ಎಕ್ಸ್‌ಟೆನ್ಶನ್ ನಂಬರು ಕೇಳಿ ಕನೆಕ್ಟ್ ಮಾಡುವ ಕೆಲಸವನ್ನು ಐವಿಆರ್ (ತಾನಾಗಿ ಉತ್ತರಿಸುವ ಧ್ವನಿ ವ್ಯವಸ್ಥೆ) ನುಂಗಿಹಾಕಿದೆ, ಡೈರೆಕ್ಟ್ ನಂಬರುಗಳು ಬಂದ ಮೇಲೆ ಅದೂ ಬೇಕಿಲ್ಲ. ಮನುಷ್ಯರು ಉಳಿದಿರುವುದು ತಪ್ಪಿದರೆ ಅನಾಹುತವಾಗುವ ಕಡೆ.

ಆಸ್ಪತ್ರೆಯ ಕೋಡ್ ಬ್ಲೂ ಕರೆ ನೋಡು, ಅಂದರೆ ರೋಗಿಯ ಹೃದಯ ಅಥವಾ ಉಸಿರು ನಿಂತಾಗಿನ ತುರ್ತು ಕರೆ. ವಾರ್ಡಿನಿಂದ ನರ್ಸ್ ಎಮರ್ಜೆನ್ಸಿ ನಂಬರು ಒತ್ತುತ್ತಾಳೆ. ಆಪರೇಟರ್ ಬೇರೆಲ್ಲ ಕರೆ ಹೋಲ್ಡ್‌ಗೆ ಹಾಕಿ, ಬ್ಲಾಕ್, ಮಹಡಿ, ವಾರ್ಡ್, ಬೆಡ್ ಅಂತ ಅದೇ ಕ್ರಮದಲ್ಲಿ ಕೇಳಿ, ತಿರುಗಿ ಹೇಳಿ ಖಚಿತ ಮಾಡಿಕೊಂಡು, ಸ್ಪೀಕರಿನಲ್ಲಿ ಮೂರು ಸಲ ಕೂಗುತ್ತಾಳೆ. ಆಮೇಲೆ ತಂಡದವರ ಮೊಬೈಲಿಗೂ ಕರೆ, ರಿಜಿಸ್ಟರಿನಲ್ಲಿ ಸಮಯ. ಸಾಮಾನ್ಯವಾಗಿ ತಪ್ಪುವುದು ಒಂದೇ ಕಡೆ: ‘ಮೂರನೇ ಮಹಡಿ’ ಅಂದು ಬ್ಲಾಕ್ ಬಿಡುವುದು. ಡಾಕ್ಟರು ಎ ಬ್ಲಾಕಿಗೆ ಓಡುತ್ತಾರೆ, ರೋಗಿ ಬಿ ಬ್ಲಾಕಿನಲ್ಲಿರುತ್ತಾನೆ. ಹೋಟೆಲಿನಲ್ಲಿ ಇದಕ್ಕೆ ಸಮನಾದದ್ದು ಬೆಳಗಿನ ವೇಕ್ ಅಪ್ ಕರೆ. 4:30 ಅಂದರೆ ಸಿಸ್ಟಮ್‌ನಲ್ಲಿ 04:30 ಹಾಕಬೇಕು, 16:30 ಹಾಕಿದರೆ ಅತಿಥಿಗೆ ವಿಮಾನ ತಪ್ಪುತ್ತದೆ. ಹಾಗಾಗಿ ಸಿಸ್ಟಮ್ ಜೊತೆಗೆ ಕೈಬರಹದ ಶೀಟೂ ಇರುತ್ತದೆ. ಎತ್ತದಿದ್ದರೆ ಐದು ನಿಮಿಷಕ್ಕೆ ಮತ್ತೊಂದು ಕರೆ, ಆಗಲೂ ಎತ್ತದಿದ್ದರೆ ರೂಮಿಗೆ ಆಳು. ಇದನ್ನು ಒಂದು ವರ್ಷ ತಪ್ಪಿಲ್ಲದೆ ಮಾಡಿದವಳು, ಹೋಟೆಲಿನ ಬುಕಿಂಗ್ ಸಾಫ್ಟ್‌ವೇರೂ ಬಂದರೆ, ರಿಸರ್ವೇಷನ್ ಅಥವಾ ಫ್ರಂಟ್ ಆಫೀಸಿಗೆ ಹೋಗಬಹುದು. ಏಜೆನ್ಸಿಯ ಆಪರೇಟರಿಗೆ ಆಸ್ಪತ್ರೆಯೊಳಗೆ ಮೇಲೇರುವ ಮೆಟ್ಟಿಲು ಸಿಗುವುದು ಕಷ್ಟ. ಐದು ವರ್ಷ ನಿಂತರೆ 15,000 ಬೇಸಿಕ್‌ಗೆ 43,269 ಗ್ರಾಚ್ಯುಟಿ ಬರಬೇಕು, ಆದರೆ ಅಷ್ಟರಲ್ಲಿ ಏಜೆನ್ಸಿಯೇ ಎರಡು ಸಲ ಬದಲಾಗಿ, ಪ್ರತಿ ಸಲವೂ ಹೊಸ ಪತ್ರ ಕೈಗೆ ಬಂದಿರುತ್ತದೆ.

ನನ್ನ ಮಾತು ಕೇಳುವುದಾದರೆ ಹೋಟೆಲಿಗೆ ಸೇರಲಿ. ಸಹಿ ಹಾಕುವ ಮೊದಲು ಬೇಸಿಕ್, ಪಾಳಿ, ಕ್ಯಾಬ್, ವಾರದ ರಜೆ ಇವು ಪತ್ರದಲ್ಲೇ ಇರಲಿ. ಮೊದಲ ಸಂಬಳವಾದ ಮೇಲೆ ಪಿಎಫ್‌ನ ಯುಎಎನ್ ನಂಬರು ತೆಗೆದುಕೊಂಡು ಉಮಂಗ್ ಆ್ಯಪಿನಲ್ಲಿ ಪಾಸ್‌ಬುಕ್ ತೆರೆದು, ತನ್ನ ಪಾಲು, ಕಂಪನಿ ಪಾಲು ಎರಡೂ ಬಿದ್ದಿವೆಯಾ ನೋಡಲಿ. ಪೇ ಸ್ಲಿಪ್‌ನಲ್ಲಿ ಕಡಿತ ತೋರಿಸಿ ಪಾಸ್‌ಬುಕ್ ಖಾಲಿ ಇದ್ದರೆ ಆ ತಿಂಗಳೇ ಇಮೇಲ್‌ನಲ್ಲಿ ಕೇಳಬೇಕು, ಬಾಯಲ್ಲಿ ಕೇಳಿದ್ದಕ್ಕೆ ದಾಖಲೆ ಇರುವುದಿಲ್ಲ. ಅದಕ್ಕೂ ಬಗ್ಗದಿದ್ದರೆ ಪಿಎಫ್ ಕಚೇರಿ. ಕನಿಷ್ಠ ವೇತನ, ಓಟಿಯ ದೂರಾದರೆ ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನದಲ್ಲಿ ವಿಚಾರಿಸಿದರೆ ಆ ಪ್ರದೇಶದ ಕಾರ್ಮಿಕ ನಿರೀಕ್ಷಕರು ಯಾರು ಅಂತ ಹೇಳುತ್ತಾರೆ.

ಹೋಟೆಲಿನವರಿಗೆ ಉತ್ತರ ಕೊಡಲು ಶುಕ್ರವಾರದವರೆಗೆ ಸಮಯವಿದೆ ಅಂದಿದ್ದೀಯ. ಅಷ್ಟರೊಳಗೆ ಸರ್ವಿಸ್ ಚಾರ್ಜ್ ಪಾಯಿಂಟಿನ ವಿಷಯ ಇಮೇಲ್ ಮಾಡಿ ಕೇಳಲು ಶೈಲಾಗೆ ಹೇಳು. ಉತ್ತರ ಬಂದರೆ ನನಗೂ ಕಳಿಸು, ಕೂತು ಲೆಕ್ಕ ಹಾಕೋಣ. ಅಮ್ಮನಿಗೆ ನಮಸ್ಕಾರ ತಿಳಿಸು.

ನಿನ್ನ,
ರವಿ
ಬೆಂಗಳೂರು