ಬ್ಯಾಡಗಿಯ ಹಳೇ ಕಿರ್ದಿಗಳು ರದ್ದಿಗೆ ಹೋಗುವ ಮುಂಚೆ: ಉಸ್ತುವಾರಿ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಹಾವೇರಿ ಜಿಲ್ಲಾ ಉಸ್ತುವಾರಿ ಸಚಿವರಿಗೆ,

ನಮಸ್ಕಾರ ಸರ್. ನಾನು ಇತಿಹಾಸದ ಎಂ.ಎ. ವಿದ್ಯಾರ್ಥಿನಿ. ನನ್ನ ಕಿರುಪ್ರಬಂಧ ಬ್ಯಾಡಗಿ ಮೆಣಸಿನಕಾಯಿ ವ್ಯಾಪಾರದ ಬಗ್ಗೆ. 'ಖಾರಪುಡಿಗೂ ಡಿಗ್ರಿ ಕೊಡ್ತಾರಾ?' ಅಂತ ಮನೆಯಲ್ಲೇ ನಗುತ್ತಾರೆ.

ನಗಲಿ. ಈ ಕಾಯಿ ಅಮೆರಿಕ ಖಂಡದ್ದು. 16ನೇ ಶತಮಾನದಲ್ಲಿ ಪೋರ್ಚುಗೀಸರ ಹಡಗಿನಲ್ಲಿ ಬಂತು. ಅಲ್ಲಿಯವರೆಗೆ ನಮ್ಮ ಅಡುಗೆಗೆ ಖಾರ ಅಂದರೆ ಕರಿಮೆಣಸು. ಹೊಸದಕ್ಕೆ ಹೆಸರಿಡುವಾಗಲೂ ಹಳೆಯದನ್ನು ಬಿಡಲಿಲ್ಲ, 'ಮೆಣಸಿನ ಕಾಯಿ' ಅಂದರು. ಹಾಗೆ ಬಂದ ಪರದೇಶಿಗೆ 2011ರಲ್ಲಿ ಬ್ಯಾಡಗಿ ಹೆಸರಿನಲ್ಲೇ ಜಿಐ ಟ್ಯಾಗ್ (ಇದು ಈ ಪ್ರದೇಶದ್ದೇ ಎಂಬ ಕಾನೂನಿನ ಗುರುತು) ಸಿಕ್ಕಿತು. ಖಾರ ಕಡಿಮೆ, ಬಣ್ಣ ಜಾಸ್ತಿ. ಆ ಬಣ್ಣ ಈಗ ಲಿಪ್‌ಸ್ಟಿಕ್‌ಗೂ ಹೋಗುತ್ತದೆ.

ಈ ವ್ಯಾಪಾರದ ಕಥೆ ಸರ್ಕಾರಿ ಕಡತಗಳಲ್ಲಿ ಸ್ವಲ್ಪ ಇದೆ. ಉಳಿದದ್ದು ಅಡತಿ ಅಂಗಡಿಗಳ, ಅಂದರೆ ರೈತರ ಮಾಲು ಮಾರಿಸಿಕೊಡುವ ದಲಾಲರ ಅಂಗಡಿಗಳ, ಅಟ್ಟದ ಮೇಲೆ, ಹಳೇ ಕಿರ್ದಿಗಳಲ್ಲಿ (ದಿನದ ಲೆಕ್ಕದ ಪುಸ್ತಕಗಳಲ್ಲಿ).

ಹೋದ ಚಳಿಗಾಲ ಒಬ್ಬ ಸಾವಕಾರರು ನನ್ನನ್ನು ಅಟ್ಟ ಹತ್ತಲು ಬಿಟ್ಟರು. "ಇವನ್ನ ಓದಿ ಏನ್ ಮಾಡ್ತಿ ತಂಗಿ? ರದ್ದಿಗೆ ಹಾಕಾಂವ ಇದ್ದೆ" ಅಂದರು. ಕೆಂಪು ಬಟ್ಟೆಯ ರಟ್ಟು, ಮೊದಲ ಹಾಳೆಯಲ್ಲಿ 'ಶ್ರೀ', ಕುಂಕುಮದ ಬೊಟ್ಟು. ನಾಲ್ಕು ಹಾಳೆ ತಿರುವುವಷ್ಟರಲ್ಲಿ ಸೀನು ಶುರು. ಅರವತ್ತು ವರ್ಷ ದಾಟಿದರೂ ಘಾಟು ಹೋಗಿಲ್ಲ!

ಅದು 1957ರ ಕಿರ್ದಿ. ರೈತನ ಹೆಸರು, ಊರು, ಎಷ್ಟು ಚೀಲ, ಏನು ದರ. ಕೆಳಗೆ ಮುರಿದುಕೊಂಡದ್ದು: ದಲಾಲಿ, ಹಮಾಲಿ, ಧರ್ಮಾದಾಯ (ದಾನಧರ್ಮದ ಹೆಸರಿನ ಕಡಿತ). ಆ ವರ್ಷ ಏಪ್ರಿಲ್ 1ಕ್ಕೆ ಆಣೆ ಹೋಗಿ ನಯಾ ಪೈಸೆ ಬಂತಲ್ಲ, ಗುಮಾಸ್ತನಿಗೆ ಹೊಸ ಲೆಕ್ಕ ಕೈಗೆ ಹತ್ತಿಲ್ಲ. ಎರಡು ವಾರ ಪೂರ್ತಿ ಆಣೆ ಬರೆದಿದ್ದಾನೆ, ಹೊಡೆದು ಹಾಕಿದ್ದಾನೆ, ಪಕ್ಕದಲ್ಲಿ ಪೈಸೆ ಬರೆದಿದ್ದಾನೆ. ಅದಕ್ಕಿಂತ ಹಳೆಯ ಕೆಲವು ಪುಸ್ತಕ ಮೋಡಿ ಲಿಪಿಯಲ್ಲಿವೆ, ಹಿಂದೆ ಮರಾಠಿ ಬರೆಯುತ್ತಿದ್ದ ಕೂಡುಬರಹದಲ್ಲಿ. ನನಗೆ ಒಂದಕ್ಷರ ತಿಳಿಯಲಿಲ್ಲ. ಓದುವವರು ಈಗ ಎಷ್ಟು ಜನ ಉಳಿದಿದ್ದಾರೆ ಹೇಳಿ?

2024ರ ಮಾರ್ಚ್‌ನಲ್ಲಿ ದರ ಬಿದ್ದಾಗ ಬ್ಯಾಡಗಿಯಲ್ಲಿ ರೈತರ ಸಿಟ್ಟು ಎಪಿಎಂಸಿ ಕಚೇರಿಯ ಮೇಲೆ ತಿರುಗಿತು, ವಾಹನಗಳಿಗೆ ಬೆಂಕಿ ಬಿತ್ತು. ಹಿಂದೆಯೂ ದರ ಹೀಗೆ ಬಿದ್ದಿತ್ತಾ, ಆಗ ರೈತನ ಕೈಗೆ ಎಷ್ಟು ಬಂತು, ನಡುವೆ ಎಷ್ಟು ಸೋರಿತು? ಇದನ್ನು ಹೇಳಬಲ್ಲವು ಈ ಕಿರ್ದಿಗಳೇ. ನನ್ನ ಪ್ರಬಂಧಕ್ಕಿಂತ ಇದು ರೈತರಿಗೆ ಬೇಕಾದ ಲೆಕ್ಕ.

ಈ ವಿಷಯ ಹಿಡಿದು ಒಂದು ಕಚೇರಿಗೆ ಮೂರು ಸಲ ಹೋದೆ. ಮೂರು ಸಲವೂ 'ಮುಂದಿನ ವಾರ ಬನ್ನಿ'. ಅದು ಇರಲಿ.

ನಾನು ಕೇಳುವುದು ದೊಡ್ಡದಲ್ಲ. ಮಾರುಕಟ್ಟೆ ಪ್ರಾಂಗಣದಲ್ಲಿ ಒಂದು ಕೋಣೆ, ಎರಡು ಕಬ್ಬಿಣದ ಕಪಾಟು, ಒಂದು ಸ್ಕ್ಯಾನರ್. ಧಾರವಾಡದಲ್ಲಿ ರಾಜ್ಯ ಪತ್ರಾಗಾರದ ಕಚೇರಿ ಇದೆ, ಕಾಗದ ಕಾಪಾಡುವುದು ಅವರಿಗೆ ಗೊತ್ತು. ಅವರಿಂದ ಒಬ್ಬರನ್ನು ಕಳಿಸಿ. ಸ್ಕ್ಯಾನ್ ಮಾಡಲು ನಾವು ವಿದ್ಯಾರ್ಥಿಗಳೇ ಸುಮ್ನೆ ಬಂದು ಕೂರುತ್ತೇವೆ, ಸಂಬಳ ಬೇಡ, ಮಧ್ಯಾಹ್ನ ಒಂದು ಮಿರ್ಚಿ-ಮಂಡಕ್ಕಿ ಸಾಕು. ಸಾವಕಾರರಿಗೆ ತೆರಿಗೆಯವರ ಭಯ ಇದೆ, ತಪ್ಪಲ್ಲ. ಅದಕ್ಕೇ 1975ರ ಈಚೆಯದು ಬೇಡ ಅಂತ ನೀವೇ ಒಂದು ಪತ್ರದಲ್ಲಿ ಬರೆದುಕೊಡಿ. ನಿಮ್ಮ ಸಹಿ ಇದ್ದರೆ ಅಟ್ಟಗಳ ಬಾಗಿಲು ತೆರೆಯುತ್ತವೆ, ನನ್ನ ಐಡಿ ಕಾರ್ಡ್‌ಗೆ ತೆರೆಯುವುದಿಲ್ಲ.

ದೀಪಾವಳಿ ಪಾಡ್ಯಕ್ಕೆ ಹೊಸ ಪುಸ್ತಕ ಪೂಜೆಗೆ ಬರುತ್ತವೆ, ಹಳೆಯವು ಹೊರಗೆ. ಅಲ್ಲಿಯವರೆಗೆ ಇಟ್ಟುಕೊಳ್ಳುತ್ತೇನೆ ಅಂತ ಆ ಸಾವಕಾರರು ಮಾತು ಕೊಟ್ಟಿದ್ದಾರೆ. ಪಾಡ್ಯದೊಳಗೆ ನಿಮ್ಮ ಉತ್ತರ ಬರಲಿ ಸರ್.

ಇಂತಿ,
ಒಬ್ಬ ವಿದ್ಯಾರ್ಥಿನಿ, ಹಾವೇರಿ ಜಿಲ್ಲೆ